ಒಳಗೆ ಬಿಟ್ಟ ಬಟ್ಟೆ

ಹಂಪನಕಟ್ಟೆಯ ಹಳೆ ಕಟ್ಟಡ, ಎರಡನೇ ಮಾಳಿಗೆ.
ಮೆಟ್ಟಿಲು ಹತ್ತಿ ಬಂದವರು ಮೊದಲು ಏದುಸಿರು ಬಿಡುತ್ತಾರೆ,
ಆಮೇಲೆ ತಪ್ಪೊಪ್ಪಿಕೊಳ್ಳುತ್ತಾರೆ:
"ಸ್ವಲ್ಪ ದಪ್ಪ ಆಗಿದ್ದೇನೆ ಅಲ್ವಾ, ಲೆತ್ತಿಬಾಯಿ?"
ನಾನೇನೋ ತಕ್ಕಡಿ ಇಟ್ಟು ಕೂತವಳ ಹಾಗೆ.
ನನ್ನ ಕೊರಳಲ್ಲಿ ಇರುವುದು ಟೇಪು.
ಅದಕ್ಕೆ ಅರುವತ್ತು ಇಂಚು ಗೊತ್ತು,
ನಾಚಿಕೆ ಎಷ್ಟು ಇಂಚೆಂದು ಗೊತ್ತಿಲ್ಲ.

ಸೊಂಟಕ್ಕೆ ಸುತ್ತಿದೊಡನೆ ಎಲ್ಲರೂ
ಹೊಟ್ಟೆ ಒಳಗೆಳೆಯುತ್ತಾರೆ:
ಶಾಲೆಯ ಹೆಡ್ ಟೀಚರು, ಕೋರ್ಟಿನ ವಕೀಲೆ,
ನಾಡಿದ್ದು ರೋಸ್ ಇರುವ ಮದುಮಗಳು.
ನಾನು ಕಾಯುತ್ತೇನೆ.
ಪೆನ್ಸಿಲ್ ಹುಡುಕುವ ನೆಪ; ಅದು ನನ್ನ ಕಿವಿಯ ಮೇಲೇ ಇರುತ್ತದೆ.
ಎಷ್ಟು ಹೊತ್ತು ಹಿಡಿದಾರು?
ಕೆಳಗೆ ಕಂಡಕ್ಟರ್ ಒಂದು ಸೀಟಿ ಊದುವಷ್ಟರಲ್ಲಿ
ಉಸಿರು ಜಾರುತ್ತದೆ, ಹೊಟ್ಟೆ
ತನ್ನ ಮನೆಗೆ ವಾಪಸು ಬರುತ್ತದೆ.
ಆಗ ಬರೆದುಕೊಳ್ಳುತ್ತೇನೆ.

ಸುಗಂಧಿ ಒಬ್ಬಳೇ ಬೇರೆ.
ಬೊಕ್ಕಪಟ್ಣದವಳು. ಮೀನಿನ ಬುಟ್ಟಿಯನ್ನು
ಕೆಳಗೆ ಪೇಪರಿನವನ ಕಾವಲಿಗೆ ಬಿಟ್ಟು ಬರುತ್ತಾಳೆ,
ಎರಡೂ ಕೈ ಅಗಲಿಸಿ ನಿಲ್ಲುತ್ತಾಳೆ:
"ಇದ್ದದ್ದು ಇದ್ದ ಹಾಗೆ ಬರೀರಿ ಬಾಯಿ.
ಅಂಜಲ್ ತೂಗುವಾಗ ನಾನು ಬೆರಳು ಒತ್ತುವುದಿಲ್ಲ.
ನೀವು ಟೇಪು ಒತ್ತಬೇಡಿ."

ಹೋಗುವಾಗ ಮಾತ್ರ ಅವಳೂ, ಎಲ್ಲರ ಹಾಗೆ,
ತಿರುಗಿ ನಿಂತು ಪಿಸುಗುಟ್ಟುತ್ತಾಳೆ:
"ಒಳಗೆ ಸ್ವಲ್ಪ ಬಟ್ಟೆ ಬಿಡಿ, ಆಯ್ತಾ?"
ಬಿಡುತ್ತೇನೆ. ಎರಡೂ ಪಕ್ಕೆಗೆ ಒಂದೊಂದು ಇಂಚು,
ಮುಂದೆ ಬರಲಿರುವ ಮೈಗೆ
ಈಗಲೇ ಕೋಣೆ ಗುಡಿಸಿಟ್ಟ ಹಾಗೆ.

ಮೊನ್ನೆ ಕರೆಂಟು ಹೋದ ಮಧ್ಯಾಹ್ನ
ಕೆಲಸ ಕಲಿಯಲು ಬರುವ ಸಫೂರಾ
ಅಳತೆ ಪುಸ್ತಕದಲ್ಲೇ ಗಾಳಿ ಬೀಸಿಕೊಳ್ಳುತ್ತ ಕೇಳಿದಳು,
"ನಿಮ್ಮದು ಯಾವ ಪುಟದಲ್ಲಿ ಉಂಟು?"

ಇಪ್ಪತ್ತೊಂಬತ್ತು ವರ್ಷ. ಹದಿನಾಲ್ಕು ಪುಸ್ತಕ.
ನನ್ನದು ಇಲ್ಲ.
ಮದುವೆಯ ವರ್ಷದ ರವಕೆಯೊಂದನ್ನು ಮುಂದಿಟ್ಟು
ಕಣ್ಣಂದಾಜಿನಲ್ಲೇ ಅಗಲ ಮಾಡುತ್ತ ಬಂದವಳು ನಾನು,
ಸಾಲ ಕೊಟ್ಟವನ ಅಂಗಡಿ ದಾಟುವ ಹಾಗೆ
ಟ್ರಯಲ್ ರೂಮಿನ ಕನ್ನಡಿ ದಾಟುತ್ತಿದ್ದವಳು.

"ನಿಲ್ಲಿ" ಅಂದಳು. ನಿಂತೆ.
ಟೇಪು ಸುತ್ತಿತು. ನೋಡಿ, ನಾನೂ
ಹೊಟ್ಟೆ ಒಳಗೆಳೆದೆ!
ಹುಡುಗಿ ಏನೂ ಹೇಳಲಿಲ್ಲ.
ಪೆನ್ಸಿಲ್ ಹುಡುಕತೊಡಗಿದಳು.
ಅದು ಅವಳ ಕೈಯಲ್ಲೇ ಇತ್ತು.

ಸಂಜೆ ಅವಳು ಬಸ್ಸಿಗೆ ಓಡಿದ ಮೇಲೆ
ಪರದೆ ಎಳೆದು, ಲೈಟು ಹಾಕಿ,
ಯಾರೋ ತಂದ ಹೊಸ ಥಾನು ಬಿಡಿಸಿದ ಹಾಗೆ ನೋಡಿದೆ.
ಎಡ ಹೆಗಲು ಅರ್ಧ ಇಂಚು ಕೆಳಗೆ.
ಮೆಷಿನಿಗೆ ಬಾಗಿ ಬಾಗಿ ಇರಬೇಕು. ಇಷ್ಟು ವರ್ಷ
ಪಟ್ಟಿ ಜಾರಿದಾಗೆಲ್ಲ ಇಲಾಸ್ಟಿಕ್ಕಿಗೆ ಬೈದಿದ್ದೆ.
ಕಿಬ್ಬೊಟ್ಟೆಯಲ್ಲಿ ವೆನ್ಲಾಕಿನ ಡಾಕ್ಟರರ ಹೊಲಿಗೆ:
ಒಂದು ತುದಿ ಸುಕ್ಕು, ದಾರ ಎಳೆದದ್ದು ಹೆಚ್ಚಾಯ್ತು.
ನಾನಾಗಿದ್ದರೆ ಬಿಚ್ಚಿ ಮತ್ತೊಮ್ಮೆ ಹಾಕುತ್ತಿದ್ದೆ.
ಆದರೂ ಮಗನಿಗೆ ಇಪ್ಪತ್ತೇಳು ತುಂಬಿತು, ಒಂದೆಳೆ ಬಿಟ್ಟಿಲ್ಲ.
ಗಟ್ಟಿ ಕೆಲಸ, ಹೇಳಲೇಬೇಕು.

ಪಕ್ಕೆಯ ಬಿಳಿ ಗೆರೆಗಳನ್ನು ಬೆರಳಿಂದ ತಡವಿದೆ.
ಹೊಲಿಗೆ ಬಿಚ್ಚಿ ಅಗಲ ಮಾಡಿದ ರವಕೆಯಲ್ಲಿ
ಹಳೆ ದಾರದ ದಾರಿ ಉಳಿಯುತ್ತದಲ್ಲ, ಅದೇ.
ಹಾಗಾದರೆ ನನಗೂ ಯಾರೋ
ಒಳಗೆ ಬಟ್ಟೆ ಬಿಟ್ಟಿದ್ದರು.

ಚಂದ ಅನ್ನಲಿಲ್ಲ. ಅನ್ನಬೇಕೆಂದೂ ತೋರಲಿಲ್ಲ.
"ಓಹೋ" ಅಂದೆ, ಅಷ್ಟೇ,
ದಿನಾ ಓಡಾಡುವ ಓಣಿಯಲ್ಲಿ
ಒಂದು ಬಾವಿ ಉಂಟೆಂದು ಈಗ ಕಂಡವಳ ಹಾಗೆ.

ಸಫೂರಾಳ ಪೆನ್ಸಿಲಿನ ಮೇಲೆ ಪೆನ್ನು ತಿದ್ದಿದೆ.
ಲೆತ್ತಿಸಿಯಾ. ಎದೆ ನಲವತ್ತೆರಡು. ಸೊಂಟ ಮೂವತ್ತೊಂಬತ್ತೂವರೆ.
ಆ ಅರ್ಧವನ್ನು ಹುಡುಗಿ ಬಿಟ್ಟಿದ್ದಳು, ನಾನು ಸೇರಿಸಿದೆ.
ಷರಾ: ಎಡ ಹೆಗಲು ಇಳಿಕೆ. ಹಾಗೆಯೇ ಹೊಲಿಯುವುದು.
ಕೊಡುವ ದಿನ: ಶನಿವಾರ.
ತಡವಾದರೆ
ನಾನೇ ಬಂದು ಜಗಳ ಮಾಡುತ್ತೇನೆ.